ಈಗ ತೆರೆದಿದೆ

ಬಲಗಡೆಯ ಜಡೆ ಮುಗಿದು ರಿಬ್ಬನ್ ಕಟ್ಟಿದ್ದಾಗಿತ್ತು. ಮಗಳ ಎಡಗಡೆಯ ಕೂದಲನ್ನು ತಾಯಿ ಮೂರು ಎಳೆ ಮಾಡಿ ಇನ್ನೇನು ಹೆಣೆಯಲು ಶುರು ಮಾಡಿದ್ದಳೋ ಇಲ್ಲವೋ, ಒಳಕೋಣೆಯ ಬೀರುವಿನೊಳಗಿಂದ ಒಂದು ಮಗು ಕೂಗಿತು.

"ಅಪ್ಪಾ, ಫೋನು ಬಂತು. ಎತ್ತಪ್ಪಾ. ಅಪ್ಪಾ, ಫೋನು ಬಂತು. ಎತ್ತಪ್ಪಾ."

ತಾಯಿಯ ಬೆರಳುಗಳು ಅಲ್ಲೇ ನಿಂತವು. ಹಲ್ಲಿನ ನಡುವೆ ಕಚ್ಚಿ ಹಿಡಿದಿದ್ದ ಇನ್ನೊಂದು ರಿಬ್ಬನ್ ಜಾರಿ ಮಡಿಲಿಗೆ ಬಿತ್ತು. ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದ ಚೂಟಿ ಅಲುಗಾಡಲಿಲ್ಲ. ದಿನಾ ಜಡೆ ಹಾಕುವಾಗ ಮೀನಿನ ಹಾಗೆ ನುಣುಚಿಕೊಳ್ಳುವ ಹುಡುಗಿ ಈಗ ಕತ್ತನ್ನು ಕಲ್ಲು ಮಾಡಿಕೊಂಡು ಕೂತಿದ್ದಳು.

ಬೀರುವಿನೊಳಗಿಂದ ಕೂಗುತ್ತಿದ್ದದ್ದು ಅವಳದೇ ದನಿ. ಮಾತು ಆಗತಾನೇ ಕುದುರುತ್ತಿದ್ದ ವಯಸ್ಸಿನಲ್ಲಿ ಅಪ್ಪನ ಮಡಿಲಲ್ಲಿ ಕೂತು ಅವಳು ಹೇಳಿದ್ದನ್ನು ಅವಳಪ್ಪ ಫೋನಿನಲ್ಲಿ ಹಿಡಿದಿಟ್ಟು, ಅದನ್ನೇ ತನ್ನ ಫೋನಿನ ರಿಂಗ್‌ಟೋನ್ ಮಾಡಿಕೊಂಡಿದ್ದ. ಅವನದು ಹೊಲಿಗೆ ಮಿಷನ್ ರಿಪೇರಿಯ ಅಂಗಡಿ. ಊರಿಗೆಲ್ಲ ಅವನು ಮಿಷನ್ನಣ್ಣ. ಅಂಗಡಿಗೆ ಬಂದವರು ಆ ಕೂಗು ಕೇಳಿ, "ಏನ್ ಮಿಷನ್ನಣ್ಣ, ಮಗಳನ್ನ ಜೇಬಲ್ಲೇ ಇಟ್ಕೊಂಡಿದ್ದೀರಲ್ಲ" ಎಂದರೆ, "ಕೆಳಗಿಳಿಸಿದ್ರೆ ಅಂಗಡೀಲಿರೋ ಸೂಜಿಯೆಲ್ಲ ಎಣಿಸ್ತಾಳೆ, ಅಲ್ಲೇ ಇರ್ಲಿ ಬಿಡಿ" ಎನ್ನುತ್ತಿದ್ದ.

ಆ ಫೋನು ಕೂಗದೆ ವರ್ಷದ ಮೇಲಾಗಿತ್ತು. ಆದರೂ ತಾಯಿ ಅದನ್ನು ಆರಲು ಬಿಟ್ಟಿರಲಿಲ್ಲ. ಮಗಳು ಶಾಲೆಗೆ ಹೋದ ಮೇಲೆ, ಗಿಡಕ್ಕೆ ನೀರು ಹಾಕಿದ ಹಾಗೆ, ಆಗಾಗ ತೆಗೆದು ಚಾರ್ಜಿಗೆ ಹಾಕಿ, ಸಿಮ್ಮಿಗೂ ದುಡ್ಡು ತುಂಬಿಸಿ, ಮತ್ತೆ ಬಟ್ಟೆಯ ಮಡಿಕೆಯಲ್ಲಿ ಇಡುತ್ತಿದ್ದಳು.

ಅಡುಗೆಮನೆಯಲ್ಲಿ ಮೊಮ್ಮಗಳ ಡಬ್ಬಿ ತುಂಬುತ್ತಿದ್ದ ಅತ್ತೆ, ಮುಚ್ಚಳವನ್ನು ಕೈಯಲ್ಲೇ ಹಿಡಿದುಕೊಂಡು ಬಾಗಿಲಿಗೆ ಬಂದರು. ಅವರು ಬೀರುವಿನ ಕಡೆ ನೋಡಲಿಲ್ಲ. ಸೊಸೆಯ ಮುಖ ನೋಡಿದರು.

ಕೂಗು ತಾನಾಗಿಯೇ ನಿಂತಿತು.

"ಯಾರೋ ನಂಬರ್ ತಪ್ಪಿ ಒತ್ತಿರ್ತಾರೆ," ಎಂದಳು ತಾಯಿ.

"ಹೂಂ," ಎಂದಳು ಚೂಟಿ.

ಜಡೆ ಮುಂದುವರಿಯಿತು. ಆದರೆ ಕೈ ಹಿಡಿತ ತಪ್ಪಿ ಎಡಗಡೆಯದು ಸಡಿಲವಾಗಿ, ಬಲಗಡೆಯದಕ್ಕಿಂತ ಕೆಳಗೆ ಇಳಿಯಿತು. ಬೇರೆ ದಿನವಾಗಿದ್ದರೆ ಚೂಟಿ ಕನ್ನಡಿ ನೋಡಿ "ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ ಮಾಡಿದೀಯ" ಎಂದು ಜಗಳ ತೆಗೆಯುತ್ತಿದ್ದಳು. ಇವತ್ತು ಚೀಲ ಹೆಗಲಿಗೇರಿಸಿ ಅಜ್ಜಿಯ ಕೈ ಹಿಡಿದುಕೊಂಡು ಸುಮ್ಮನೆ ಹೊರಟಳು.

ಆ "ಹೂಂ" ತಾಯಿಗೆ ಪರಿಚಯದ "ಹೂಂ." ಹೋದ ವರ್ಷ ಚೂಟಿಗೆ ಮೈತುಂಬ ನೀರುಗುಳ್ಳೆ ಎದ್ದು ಜ್ವರದಲ್ಲಿದ್ದಾಗಲೇ ಅವಳಪ್ಪನಿಗೆ ಎದೆನೋವು ಬಂದದ್ದು. ಅಂಟುವ ಕಾಯಿಲೆಯ ಮಗುವನ್ನು ಆಸ್ಪತ್ರೆಯೊಳಗೆ ಬಿಡುವಂತಿರಲಿಲ್ಲ. ದೊಡ್ಡಮ್ಮನ ಮನೆಯಲ್ಲಿ ಬಿಟ್ಟರು. ಗುಳ್ಳೆ ಒಣಗಿ ಮಗು ಮನೆಗೆ ಬರುವ ಹೊತ್ತಿಗೆ ಎಲ್ಲ ಮುಗಿದು, ಬಂದ ನೆಂಟರೂ ಹೋಗಿ, ಹೊರಗಿನವರು ಬಿಟ್ಟ ಚಪ್ಪಲಿಗಳ ಗುರುತೂ ಹೊಸಿಲಿನಿಂದ ಅಳಿಸಿತ್ತು. "ಅಪ್ಪ ಬೇರೆ ಕಡೆ ಹೋಗಿದಾರೆ ಪುಟ್ಟಾ. ಅಲ್ಲಿ ನೋವಿರಲ್ಲ," ಎಂದಿದ್ದಳು ತಾಯಿ. ಮಗಳು ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿ "ಹೂಂ" ಎಂದಳು. ಮತ್ತೆ ಕೇಳಲಿಲ್ಲ. ಎಲ್ಲಿ, ಯಾವಾಗ ಬರ್ತಾನೆ, ಏನೂ ಇಲ್ಲ.

ಕೇಳಿದ ದಿನ ಹೇಳುತ್ತೇನೆ ಎಂದುಕೊಂಡಳು ತಾಯಿ. ಮಗಳು ಕೇಳಲಿಲ್ಲ, ಇವಳು ಹೇಳಲಿಲ್ಲ. ದಿನಗಳು ಒಂದರ ಮೇಲೊಂದು ಕೂತು, ಆ ಒಂದು ಮಾತು ಅಡಿಗೆ ಬಿತ್ತು. ಈಗ ಆ ಮನೆಯಲ್ಲಿ ಏನೂ ಸಾಯುತ್ತಿರಲಿಲ್ಲ. ಕುಂಡದ ಗಿಡ ಒಣಗುತ್ತಿತ್ತು, ಕಿಟಕಿಯ ಸಂದಿಯ ಹಲ್ಲಿ ಮಲಗುತ್ತಿತ್ತು, ಟಾರ್ಚಿನ ಬ್ಯಾಟರಿ ಮುಗಿಯುತ್ತಿತ್ತು.

ಮನೆ ಖಾಲಿಯಾದ ಮೇಲೆ ತಾಯಿ ಪಾತ್ರೆ ತೊಳೆಯಲು ನಿಂತಳು. ಕೈಗೆ ಸೋಪು ಹತ್ತಿಸಿಕೊಂಡದ್ದೇ ತಡ, ಬೀರು ಮತ್ತೆ ಕೂಗಿತು. ಈ ಸಲ ಅವಳು ಒದ್ದೆ ಕೈಯಲ್ಲೇ ಓಡಿ ಬಟ್ಟೆಯ ಮಡಿಕೆಯಿಂದ ಫೋನು ತೆಗೆದು ಕಿವಿಗೆ ಹಿಡಿದಳು. ಯಾರ ದನಿ ಕೇಳಿಸೀತು ಎಂದು ಹೆದರಿದ್ದಳೋ ಅವಳಿಗೇ ಗೊತ್ತಿರಲಿಲ್ಲ.

"ಬಿಳಿ ಪೇಂಟ್ ಇದೆಯೇನ್ರೀ, ದೊಡ್ಡ ಡಬ್ಬ?" ಎಂದಿತು ಒಂದು ಗಂಡು ದನಿ.

"ಇದು ಪೇಂಟ್ ಅಂಗಡಿ ಅಲ್ಲ."

"ಅಲ್ವಾ? ಸರಿ ಬಿಡಿ," ಎಂದು ಇಟ್ಟುಬಿಟ್ಟಿತು.

ಪಾತ್ರೆಯ ಹತ್ತಿರ ಹೋಗುವಷ್ಟರಲ್ಲಿ ಇನ್ನೊಂದು. ಈ ಸಲ ವಯಸ್ಸಾದವರು.

"ನನ್ನ ಕನ್ನಡಕ ರೆಡಿ ಆಯ್ತೇನಮ್ಮಾ?"

"ಇದು ಕನ್ನಡಕದ ಅಂಗಡಿ ಅಲ್ಲ ಅಜ್ಜಾ. ಈ ನಂಬರ್ ಎಲ್ಲಿ ಸಿಕ್ತು ನಿಮಗೆ?"

"ಮೊಮ್ಮಗ ಹುಡುಕಿಕೊಟ್ಟ. ಅದೇನೋ ಸಂಘದ ವೆಬ್‌ಸೈಟಂತೆ. ನಿನ್ನೆಯಿಂದ ಶುರುವಾಗಿದೆಯಂತಲ್ಲ. ಕಣ್ಣು ಕಾಣದವನಿಗೇ ತಪ್ಪು ನಂಬರ್ ಕೊಟ್ರೆ ಹೆಂಗಮ್ಮ, ಕುರುಡನ ಕೈಗೆ ಕನ್ನಡಿ ಕೊಟ್ಟ ಹಾಗೆ."

ತಾಯಿ ಫೋನನ್ನು ಮೆಲ್ಲಗೆ ಕೆಳಗಿಟ್ಟಳು. ಆ ವೆಬ್‌ಸೈಟನ್ನು ಮಾಡಿದ್ದು ಅವಳೇ.

ಸುತ್ತಲಿನ ಊರುಗಳ ಅಂಗಡಿಯವರೆಲ್ಲ ಸೇರಿ ಕಟ್ಟಿಕೊಂಡ ವರ್ತಕರ ಸಂಘ ಅದು. ಗಂಡನೂ ಅದರ ಸದಸ್ಯನಾಗಿದ್ದ. ಮದುವೆಗೆ ಮುಂಚೆ ಪ್ರೆಸ್ಸಿನಲ್ಲಿ ಪುಟವಿನ್ಯಾಸ ಕಲಿತು, ಆಮೇಲೆ ಮನೆಯಲ್ಲೇ ಕೂತು ಒಂದೆರಡು ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದವಳನ್ನು ಸಂಘದ ಕಾರ್ಯದರ್ಶಿ ಹುಡುಕಿಕೊಂಡು ಬಂದಿದ್ದರು. ಕಾರ್ಯದರ್ಶಿಯದು ಮೊಳೆ, ಕೊಳಾಯಿ, ಹಗ್ಗದ ಅಂಗಡಿ. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ದನಿ.

"ಸಂಘದ ಹೆಸರು ಈ ಕಡೆಯಿಂದ ಆ ಕಡೆಗೆ ಓಡ್ಬೇಕು ತಂಗಿ, ರೈಲಿನ ಥರ," ಎಂದಿದ್ದರು ಮೊದಲ ದಿನವೇ.

"ಓಡೋ ಹೆಸರನ್ನ ಓದೋದು ಹೇಗಣ್ಣಾ? ಹಿಂದೆ ಓಡ್ಬೇಕಾ?"

"ಹಾಗಾದ್ರೆ ಮಿನುಗಲಿ."

"ಮಿನುಗಿದ್ರೆ ಬಲ್ಬ್ ಕೆಟ್ಟಿದೆ ಅಂದ್ಕೋತಾರೆ."

ಪುಟ ಒಂದೂ ಹುಟ್ಟುವ ಮುಂಚೆ ಉದ್ಘಾಟನೆಗೆ ಯಾರನ್ನು ಕರೆಯುವುದು ಎಂದು ಅವರು ಗೊತ್ತು ಮಾಡಿಯಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಪೈಕಿ. ಅವಳು ತಾಳ್ಮೆಯಿಂದ ಓಡುವುದನ್ನೂ ಮಿನುಗುವುದನ್ನೂ ಹಾಡುವುದನ್ನೂ ಒಂದೊಂದಾಗಿ ಕಳಚಿ, ಜನಕ್ಕೆ ನಿಜವಾಗಿ ಬೇಕಾದ್ದನ್ನು ಉಳಿಸಿದಳು. ಪ್ರತಿ ಅಂಗಡಿಗೂ ಒಂದು ಪುಟ. ಒಂದು ಫೋಟೋ, ಅಂಗಡಿಯ ಬಗ್ಗೆ ಎರಡು ಸಾಲು, ನಕ್ಷೆಯ ಮೇಲೆ ಒಂದು ಕೆಂಪು ಗುರುತು, ಒತ್ತಿದರೆ ಕರೆ ಹೋಗುವ ಗುಂಡಿ. ಮೇಲ್ಗಡೆ ಮೂಲೆಯಲ್ಲಿ ಒಂದು ಚುಕ್ಕೆ. ಅಂಗಡಿಯ ವೇಳೆಯಲ್ಲಿ ಅದು ಹಸಿರಾಗಿ "ಈಗ ತೆರೆದಿದೆ" ಎನ್ನುತ್ತದೆ, ಆಮೇಲೆ ಬೂದು ಬಣ್ಣಕ್ಕೆ ತಿರುಗಿ "ಈಗ ಮುಚ್ಚಿದೆ" ಎನ್ನುತ್ತದೆ. ಸಂಘದವರಿಗೆಲ್ಲ ತುಂಬ ಹಿಡಿಸಿದ್ದು ಆ ಚುಕ್ಕೆಯೇ.

ಎಲ್ಲ ಪುಟಗಳನ್ನೂ ಕತ್ತರಿಸಿ ತೆಗೆಯಲು ಮೊದಲು ಒಂದು ಮಾದರಿ ಪುಟ ಬೇಕಿತ್ತು. ಬಟ್ಟೆಗೆ ಅಳತೆಯ ಕಾಗದ ಇದ್ದ ಹಾಗೆ. ಮಾದರಿಗೆ ಒಂದು ಅಂಗಡಿಯ ವಿವರ ಬೇಕು. ಅವಳಿಗೆ ಕಣ್ಣು ಮುಚ್ಚಿ ಹೇಳಲು ಬರುತ್ತಿದ್ದದ್ದು ಒಂದೇ ಅಂಗಡಿ. ಬೆರಳುಗಳು ತಾವಾಗಿ ತುಂಬಿದವು: ಅವನು ಬಾಗಿಲು ಎತ್ತುವ ಹೊತ್ತು, ಊಟಕ್ಕೆ ಬರುವ ಹೊತ್ತು, ಬೀದಿ, ಫೋನ್ ನಂಬರು. ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ಅವನು ಹೇಳುತ್ತಿದ್ದ ಮಾತು: "ಸದ್ದು ಬದಲಾದ ದಿನವೇ ತನ್ನಿ. ಪೂರ್ತಿ ಕೆಟ್ಟ ಮೇಲೆ ತರಬೇಡಿ." ಆಮೇಲೆ, ಯಾವ ಪುಟವೂ ಬೋಳಾಗಿ ಕಾಣಬಾರದೆಂದು, ಸದಸ್ಯರು ಏನಾದರೂ ಬರೆಯದೆ ಬಿಟ್ಟರೆ ಆ ಜಾಗಕ್ಕೆ ಮಾದರಿಯಿಂದಲೇ ತುಂಬಿಕೊಳ್ಳಲಿ ಎಂದು ಏರ್ಪಾಡು ಮಾಡಿದಳು. ಎಲ್ಲ ಬಂದ ಮೇಲೆ ತೆಗೆದರಾಯಿತು ಎಂದುಕೊಂಡಿದ್ದಳು. ಕುಕ್ಕರ್ ಕೂಗು, ಮಗಳ ಹೋಮ್‌ವರ್ಕು, ಅತ್ತೆಯ ಮಂಡಿನೋವು, ಇವುಗಳ ನಡುವೆ ಮರೆತೇಹೋಯಿತು. ಮಾದರಿ ಪುಟಕ್ಕೆ ಅಂಗಡಿಗಳ ಪಟ್ಟಿಯಲ್ಲಿ ಜಾಗವಿರಲಿಲ್ಲವಾದರೂ ಹುಡುಕಿದರೆ ಸಿಗುತ್ತದೆ ಎನ್ನುವುದೂ ಮರೆತಿತ್ತು.

ಅಂಗಡಿಯವರೋ, ತಮ್ಮ ಬಗ್ಗೆ ಬರೆದುಕೊಡಿ ಎಂದರೆ ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ ಮುಖ ಮಾಡುವವರು. ಅರ್ಧಕ್ಕರ್ಧ ಮಂದಿ ಹೆಸರೊಂದನ್ನು ಬರೆದು ಮಿಕ್ಕಿದ್ದು ಖಾಲಿ ಬಿಟ್ಟಿದ್ದರು.

ಕೈ ಒರೆಸಿಕೊಂಡು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. ಪೇಂಟ್ ಅಂಗಡಿ: ಅವನ ನಂಬರು. ಕನ್ನಡಕದ ಅಂಗಡಿ: ಅವನ ನಂಬರು, ಕೆಳಗೆ ಅವನ ಮಾತು, ಸದ್ದು ಬದಲಾದ ದಿನವೇ ತನ್ನಿ. ಹೂವಿನ ಅಂಗಡಿ: ಅವನ ಅಂಗಡಿಯ ಫೋಟೋ. ಹಳೆಯದು, ಬೀದಿಯಿಂದ ತೆಗೆದದ್ದು. ಅಂಗಡಿಯ ಒಳಗು ಕತ್ತಲಾಗಿತ್ತು. ಆ ಕತ್ತಲಲ್ಲಿ ಏನೂ ಕಾಣುವುದಿಲ್ಲ ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು. ಈಗ ನೋಡಿದರೆ, ಎಡಮೂಲೆಯಲ್ಲಿ, ಮೇಜಿನ ಮೇಲೆ ಊರಿದ ಒಂದು ಮೊಣಕೈ. ಅಷ್ಟೇ. ಮುಖವಿಲ್ಲ, ಮೈಯಿಲ್ಲ. ಯಾವುದೋ ಮಿಷನ್ನಿನ ಸದ್ದಿಗೆ ಕಿವಿಗೊಟ್ಟು ಕೂತವನ ಮೊಣಕೈ.

ಅವಳು ಪುಟ ತಿರುಗಿಸುತ್ತ ಹೋದಳು. ಬೇಕರಿಯಲ್ಲಿ ಆ ಮೊಣಕೈ ಇತ್ತು. ಚಪ್ಪಲಿ ಅಂಗಡಿಯಲ್ಲಿತ್ತು. ಗಾಜಿನ ಅಂಗಡಿಯಲ್ಲಿತ್ತು. ಎಲ್ಲಿ ಯಾರು ಜಾಗ ಖಾಲಿ ಬಿಟ್ಟಿದ್ದರೋ ಅಲ್ಲೆಲ್ಲ ಅವನು ಹೋಗಿ ಕೂತಿದ್ದ. ನಕ್ಷೆ ತೆರೆದರೆ ಕೆಂಪು ಗುರುತುಗಳು ಒಂದರ ಮೇಲೊಂದು ಗುಂಪಾಗಿ ಅವನ ಬೀದಿಯಲ್ಲಿ, ಅವನ ಬಾಗಿಲಲ್ಲಿ ನಿಂತಿದ್ದವು.

ಕಾರ್ಯದರ್ಶಿಯ ಫೋನು ಬಂತು, ಈ ಸಲ ಅವಳ ಫೋನಿಗೆ.

"ತಂಗಿ, ಸಂಜೆ ಸಭೆಯಲ್ಲಿ ದೊಡ್ಡ ಪರದೆ ಮೇಲೆ ತೋರಿಸ್ಬೇಕಲ್ಲ. ಅದಕ್ಕೆ ಮುಂಚೆ ಒಂಚೂರು..." ಎಂದು ತಡವರಿಸಿದರು. ಆ ದೊಡ್ಡ ದನಿ ಎಲ್ಲೋ ಕುಗ್ಗಿತ್ತು. "ಚಪ್ಪಲಿ ಅಂಗಡಿಯೋನು ನಗ್ತಿದಾನೆ, ಸದ್ದು ಬದಲಾದ ದಿನ ಚಪ್ಪಲಿ ತರೋದು ಹೇಗೆ ಅಂತ. ನಾನೂ ನಗೋಣ ಅಂತ ನನ್ನ ಪುಟ ತೆಗೆದೆ. ನಂದ್ರಲ್ಲೂ ಅದೇ ಇದೆ. ಅವನು ಎದುರಿಗೇ ನಿಂತು ಅಂದ ಹಾಗಾಯ್ತು. ಗಲ್ಲಾದ ಮುಂದೆ ಹಂಗೇ ನಿಂತುಬಿಟ್ಟೆ ತಂಗಿ. ಗಿರಾಕಿ ಎರಡು ಸಲ ಕರೆದನಂತೆ."

"ನನ್ನ ತಪ್ಪು ಅಣ್ಣಾ. ಸಂಜೆಯೊಳಗೆ ಸರಿ ಮಾಡ್ತೀನಿ."

"ತಪ್ಪು ಅಂತ ಯಾರಂದ್ರು? ನಿಧಾನಕ್ಕೆ ಮಾಡು."

ಚೂಟಿಯನ್ನು ಶಾಲೆಗೆ ಬಿಟ್ಟು ತರಕಾರಿ ಕೊಂಡು ಬಂದ ಅತ್ತೆ, ಚೀಲವನ್ನು ಕೆಳಗಿಡದೆ ಮೇಜಿನ ಹಿಂದೆ ಬಂದು ನಿಂತರು. ತೆರೆಯ ಮೇಲೆ ಹೂವಿನಂಗಡಿಯ ಪುಟವಿತ್ತು. ಅವರು ಬಾಗಿ ನೋಡಿದರು. ಇನ್ನೂ ಬಾಗಿದರು.

"ಇದು ಅವನ ಕೈ," ಎಂದರು.

"ಇಷ್ಟು ಚಿಕ್ಕದರಲ್ಲಿ ಹೇಗೆ ಗೊತ್ತಾಯ್ತು ಅತ್ತೆ?"

"ನಾನು ಎಣ್ಣೆ ತಿಕ್ಕಿ ಸ್ನಾನ ಮಾಡಿಸಿದ ಕೈ ನನಗೆ ಗೊತ್ತಾಗಲ್ವಾ?" ಎನ್ನುತ್ತ ಕುರ್ಚಿ ಎಳೆದುಕೊಂಡು ಕೂತರು. ತರಕಾರಿ ಚೀಲ ಮಡಿಲಲ್ಲೇ ಇತ್ತು. "ಊರೋರ ಮಿಷನ್ನಿನ ಸದ್ದೆಲ್ಲ ಕೇಳಿಸ್ತಿತ್ತು ಇವನಿಗೆ. ತನ್ನ ಎದೆದು ಕೇಳಿಸ್ಲಿಲ್ಲ. ಅಳಿಸ್ತೀಯಾ ಇದನ್ನ?"

"ಅಳಿಸ್ಬೇಕಲ್ಲ ಅತ್ತೆ."

"ಅಳಿಸು. ಆದ್ರೆ ಅದಕ್ಕೆ ಮುಂಚೆ ಮಗೂಗೆ ಹೇಳು. ಬೆಳಿಗ್ಗೆ ದಾರಿಯುದ್ದಕ್ಕೂ ಒಂದು ಮಾತಿಲ್ಲ ಅವಳು. ಕೈ ಮಾತ್ರ ಹಿಂಡ್ತಾ ಇದ್ಲು, ನನ್ನ ಉಂಗುರ ಒತ್ತೋ ಹಾಗೆ."

"ಅವಳು ಕೇಳ್ಲಿ ಅತ್ತೆ. ಕೇಳದೆ ಇರೋದನ್ನ ಹೇಗೆ ಹೇಳಲಿ?"

"ಅವಳು ಕೇಳಲ್ಲ ಕಣೇ. ಕೇಳಿದ್ರೆ ನೀನು ಅಳ್ತೀಯ ಅಂತ ಅವಳಿಗೆ ಭಯ. ಹೇಳಿದ್ರೆ ಅವಳು ಅಳ್ತಾಳೆ ಅಂತ ನಿನಗೆ ಭಯ. ಇಬ್ರೂ ಸೇರ್ಕೊಂಡು ಮಡಿಲಲ್ಲಿ ಕೆಂಡ ಕಟ್ಕೊಂಡು ಕೂತಿದೀರ." ಅತ್ತೆ ಚೀಲದಿಂದ ಒಂದು ಟೊಮೇಟೊ ತೆಗೆದು, ನೋಡಿ, ಮತ್ತೆ ಒಳಗಿಟ್ಟರು. "ಅವನು ನನ್ನ ಹೊಟ್ಟೇಲಿ ಹುಟ್ಟಿದೋನು. ಅವನ ಹೆಸರೆತ್ತಿ ಅಳೋಕೆ ನನಗೂ ಈ ಮನೇಲಿ ಒಂದು ಮೂಲೆ ಇಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತೀನಿ. ನಿನಗೆ ಗೊತ್ತಿತ್ತಾ ಅದು?"

ಗೊತ್ತಿರಲಿಲ್ಲ. ನೀರು ಯಾಕೆ ಅಷ್ಟು ಹೊತ್ತು ಸುರಿಯುತ್ತದೆ ಎಂದು ಒಮ್ಮೆ ಅವಳು ಮನಸ್ಸಿನಲ್ಲೇ ಗೊಣಗಿಕೊಂಡದ್ದೂ ಇತ್ತು. ಅತ್ತೆಯ ಕೈಯನ್ನು ಹಿಡಿದುಕೊಳ್ಳೋಣವೆಂದು ಕೈ ಚಾಚುವಷ್ಟರಲ್ಲಿ ಫೋನು ಮತ್ತೆ ಮಗುವಿನ ದನಿಯಲ್ಲಿ ಅಪ್ಪನನ್ನು ಕರೆಯಿತು. ಯಾರಿಗೋ ಕಿಟಕಿಯ ಗಾಜು ಬೇಕಿತ್ತು. ಅತ್ತೆ ಎದ್ದು ಒಳಗೆ ಹೋದರು.

ಅವಳು ಕೆಲಸಕ್ಕೆ ಕೂತಳು. ಮಾದರಿಯನ್ನೇ ಒಂದು ಏಟಿಗೆ ಅಳಿಸಿದರೆ ಎಲ್ಲ ಪುಟಗಳಿಂದಲೂ ಅವನು ಒಟ್ಟಿಗೆ ಎದ್ದು ಹೋಗುತ್ತಿದ್ದ. ಸುಲಭದ ದಾರಿ ಅದು. ಅವಳು ಕಷ್ಟದ್ದು ಹಿಡಿದಳು. ಕಾರ್ಯದರ್ಶಿಯ ಹತ್ತಿರ ನಂಬರುಗಳನ್ನು ತೆಗೆದುಕೊಂಡು ಒಬ್ಬೊಬ್ಬರಿಗೂ ಫೋನು ಮಾಡಿ, ಬೀದಿ ಕೇಳಿ, ಎರಡು ಸಾಲು ಹೇಳಿಸಿಕೊಂಡು, ಅವನದನ್ನು ತೆಗೆದು ಅವರದನ್ನು ಇಟ್ಟಳು. ಬೇಕರಿಯವರು "ನೀವೇ ಏನಾದ್ರೂ ಚೆಂದ ಬರೀರಿ ಅಕ್ಕ" ಎಂದರು. ಗಾಜಿನವರು "ಗಾಜಿನ ಬಗ್ಗೆ ಏನು ಬರೆಯೋದು, ಕಾಣೋದೇ ಇಲ್ಲವಲ್ಲ ಅದು" ಎಂದು ನಗಿಸಿದರು. ಬೇಕರಿಯಿಂದ ಮೊಣಕೈ ಹೋಯಿತು. ಗಾಜಿನಂಗಡಿಯಿಂದ ಹೋಯಿತು. ನಕ್ಷೆಯಲ್ಲಿ ಅವನ ಬಾಗಿಲಲ್ಲಿ ನಿಂತಿದ್ದ ಗುಂಪು ಒಬ್ಬೊಬ್ಬರಾಗಿ ಚದುರಿ ತಂತಮ್ಮ ಬೀದಿ ಸೇರಿಕೊಂಡಿತು. ಪ್ರತಿ ಸಲವೂ ಅವಳಿಗೆ ಅವನ ಅಂಗಿಯ ಒಂದು ಗುಂಡಿ ಬಿಚ್ಚಿದ ಹಾಗಾಗುತ್ತಿತ್ತು.

ಹೂವಿನಂಗಡಿಯಾಕೆಗೆ ಫೋನು ಮಾಡಿದಾಗ ಆಕೆ ತಾನೇ ಮಾತು ತೆಗೆದಳು. ಅವನ ಅಂಗಡಿಗೆ ಒತ್ತಿಕೊಂಡೇ ಇರುವ ಅಂಗಡಿ ಆಕೆಯದು.

"ನಾನೇ ಮಾಡೋಣ ಅಂತಿದ್ದೆ ನಿಮಗೆ. ಬೆಳಿಗ್ಗೆಯಿಂದ ಮಿಷನ್ನಣ್ಣನ ಅಂಗಡಿ ಮುಂದೆ ಜನ ಬಂದು ನಿಲ್ತಿದಾರೆ. ಬಾಗಿಲು ತಟ್ತಾರೆ, ಫೋನ್ ನೋಡ್ತಾರೆ, ಮತ್ತೆ ತಟ್ತಾರೆ. ತೆರೆದಿದೆ ಅಂತ ತೋರಿಸ್ತಿದೆಯಲ್ಲ ಅಂತಾರೆ. ಮುಚ್ಚಿ ವರ್ಷ ಆಯ್ತು ಅಂದ್ರೂ ನಂಬಲ್ಲ. ಒಬ್ಬ ಅಂತೂ, ಒಳಗೆ ಯಾರೋ ಇದ್ದ ಹಾಗಿದೆ, ಫೋಟೋದಲ್ಲಿ ಕೂತಿದಾರೆ ನೋಡಿ ಅಂದ. ನನಗೆ ಮೈ ಜುಮ್ ಅಂತು."

"ಸರಿ ಮಾಡ್ತಿದೀನಿ. ಇನ್ನು ಬರಲ್ಲ ಅವರು," ಎಂದಳು ತಾಯಿ.

ಕೊನೆಗೆ ಉಳಿದದ್ದು ಮಾದರಿ ಪುಟವೊಂದೇ. ಅದರಲ್ಲಿ ಎಲ್ಲವೂ ಒಟ್ಟಿಗಿತ್ತು. ಹೆಸರು, ಬೀದಿ, ಮಾತು, ಮೊಣಕೈ. ಮೇಲೆ ಮೂಲೆಯಲ್ಲಿ ಹಸಿರು ಚುಕ್ಕೆ. ಈಗ ತೆರೆದಿದೆ. ಅವನು ಊಟ ಮುಗಿಸಿ ಮರಳುವ ಹೊತ್ತು ಅದು. ಅಳಿಸುವ ಗುಂಡಿ ಒತ್ತಿದಳು. ನಿಜವಾಗಿಯೂ ಅಳಿಸಬೇಕೇ ಎಂದು ತೆರೆ ಕೇಳಿತು. ಹೌದು, ಬೇಡ ಎಂಬ ಎರಡು ಚೌಕಗಳು ಪಕ್ಕಪಕ್ಕದಲ್ಲಿ ಕಾದವು. ಆ ಪ್ರಶ್ನೆಯ ಹಾಳೆಯ ಹಿಂದೆ ಚುಕ್ಕೆ ಮಂಕಾಗಿ ಉರಿಯುತ್ತಲೇ ಇತ್ತು.

ಎಷ್ಟು ಹೊತ್ತು ಹಾಗೆ ಕೂತಿದ್ದಳೋ. ಶಾಲೆ ಬಿಟ್ಟ ಬೀದಿಯ ಮಕ್ಕಳು ಮನೆಯ ಮುಂದೆ ಹಾದುಹೋದ ಗಲಾಟೆ ಕೇಳಿಸಿತು. ಆ ಗುಂಪಿನ ಜೊತೆ ಬರಬೇಕಾದ ಚೂಟಿ ಬಾಗಿಲು ತಳ್ಳಲಿಲ್ಲ. ಅತ್ತೆ ಹೊರಗೆ ಹೋಗಿ ಬೀದಿಯ ಎರಡೂ ಕಡೆ ನೋಡಿ ಬಂದರು.

"ಇನ್ನೂ ಬಂದಿಲ್ವಲ್ಲೇ."

ತಾಯಿ ಎದ್ದು ಚಪ್ಪಲಿ ಮೆಟ್ಟುತ್ತಿದ್ದಾಗ ಮೇಜಿನ ಮೇಲಿದ್ದ ಅವನ ಫೋನು ಕೂಗಿತು. ಯಾರೋ ಗಿರಾಕಿಯಿರಬೇಕು. ಬೆಳಿಗ್ಗೆಯಿಂದ ಹೇಳಿ ಹೇಳಿ ಬಾಯಿಗೆ ರೂಢಿಯಾಗಿದ್ದ ಮಾತನ್ನು ಅವಳು ಎತ್ತಿದ ಕೂಡಲೇ ಹೇಳಲು ಹೊರಟಳು. ಆದರೆ ಆ ಕಡೆಯ ಉಸಿರು ಕೇಳಿ ತಡೆದಳು. ಸಣ್ಣ ಉಸಿರು. ಓಡಿ ಬಂದು ನಿಂತವರದು.

"ಅಪ್ಪಾ?" ಎಂದಿತು ಫೋನು.

ಒಂದು ಕ್ಷಣ ಅವಳಿಗೆ ಏನೂ ತಿಳಿಯಲಿಲ್ಲ. ಬೀರುವಿನಲ್ಲಿದ್ದ ಮಗುವೇ ದೊಡ್ಡದಾಗಿ ಆ ತುದಿಯಿಂದ ಮಾತಾಡುತ್ತಿದೆ ಎನ್ನಿಸಿತು. ಹೌದು ಪುಟ್ಟಾ, ಎಂದುಬಿಡಬಹುದಿತ್ತು. ಸುಮ್ಮನೆ ಇಟ್ಟುಬಿಡಬಹುದಿತ್ತು.

"ನಾನು ಪುಟ್ಟಾ. ಅಮ್ಮ," ಎಂದಳು.

ಆ ಕಡೆ ಬೀದಿಯಲ್ಲಿ ಒಂದು ಗಾಡಿ ಹಾದು ಹೋಯಿತು. ಅದರ ಸದ್ದು ಪೂರ್ತಿ ಕರಗುವವರೆಗೂ ಇಬ್ಬರೂ ಕೇಳಿಸಿಕೊಂಡರು.

"ಎಲ್ಲಿದೀಯಾ?"

"ಅಂಗಡಿ ಮುಂದೆ."

"ಅಲ್ಲೇ ಇರು. ಬಂದೆ."

ಅತ್ತೆ ಬಾಗಿಲು ಹಿಡಿದು ನಿಂತಿದ್ದರು. "ಹೋಗು," ಎಂದರು. "ಸಭೆಯವರಿಗೆ ನಾನು ಹೇಳ್ತೀನಿ."

ಅವಳು ಆ ಬೀದಿಗೆ ಕಾಲಿಟ್ಟು ಎಷ್ಟೋ ತಿಂಗಳಾಗಿತ್ತು. ಯಾವ ಕೆಲಸವಿದ್ದರೂ ಸುತ್ತು ಹಾಕಿ ಹಿಂದಿನ ಬೀದಿಯಿಂದಲೇ ಹೋಗುತ್ತಿದ್ದಳು. ಹೂವಿನಂಗಡಿಯಾಕೆ ಬಕೆಟ್ಟಿನ ಹೂಗಳ ನಡುವಿನಿಂದ ಎದ್ದು ಬಂದು ಮೆಲ್ಲಗೆ, "ಫೋನ್ ಕೊಡಿ ಆಂಟಿ ಅಂದ್ಲು. ಅಮ್ಮನಿಗೆ ಮಾಡ್ತಾಳೇನೋ ಅಂದುಕೊಂಡೆ. ನಂಬರ್ ಬಾಯಿಪಾಠ ಇದೆ ಅವಳಿಗೆ," ಎಂದು ಹೇಳಿ, ಮತ್ತೆ ಹೂಗಳ ಹಿಂದೆ ಸರಿದಳು.

ಚೂಟಿ ಅಂಗಡಿಯ ಮೆಟ್ಟಿಲ ಮೇಲೆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಎಡಗಡೆಯ ಜಡೆ ಬಿಚ್ಚಿಹೋಗಿತ್ತು. ಹಿಂದೆ ಮುಚ್ಚಿದ ಷಟರು. ವರ್ಷದ ಧೂಳು ಕೂತ ಆ ಷಟರಿನ ಮೇಲೆ ಇವತ್ತಿನ ಕೈಗಳ ಗುರುತುಗಳು ಮೂಡಿದ್ದವು, ದೊಡ್ಡ ಕೈ, ಸಣ್ಣ ಕೈ, ಗೆಣ್ಣಿನಲ್ಲಿ ತಟ್ಟಿದ ಗುರುತುಗಳು. ಎಲ್ಲಕ್ಕಿಂತ ಕೆಳಗೆ, ತಾಯಿಯ ಸೊಂಟದ ಎತ್ತರದಲ್ಲಿ, ಒಂದು ಪುಟ್ಟ ಅಂಗೈ ಐದೂ ಬೆರಳು ಬಿಡಿಸಿಕೊಂಡು ಅಚ್ಚೊತ್ತಿತ್ತು.

ತಾಯಿ ಪಕ್ಕದಲ್ಲಿ ಕೂತಳು. ಕಲ್ಲು ಇನ್ನೂ ಬಿಸಿಲಿನ ಕಾವಿನಲ್ಲಿತ್ತು.

"ತುಂಬಾ ಜನ ಬಂದಿದ್ರಂತೆ," ಎಂದಳು ಚೂಟಿ, ಬೀದಿ ನೋಡುತ್ತ.

"ಹೌದಂತೆ."

"ಎಲ್ಲಾರೂ ತಟ್ಟಿದ್ರಂತೆ. ನಾನೂ ತಟ್ಟಿದೆ. ಮೆತ್ತಗೆ ತಟ್ಟಿದೆ ಮೊದಲು. ಕೆಲಸದಲ್ಲಿದ್ರೆ ಗಟ್ಟಿಯಾಗಿ ತಟ್ಟಬಾರ್ದಲ್ಲ."

ತಾಯಿ ಅವಳ ಬಿಚ್ಚಿದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು.

"ಪೇಂಟ್ ಅಂಗಡಿಯವರ ಮಗಳು ಇದಾಳಲ್ಲ, ಶಾಲೆ ಬಿಟ್ಟಾಗ ಅವಳಮ್ಮನ ಫೋನಲ್ಲಿ ತೋರಿಸಿದ್ಲು. ನಿಮ್ಮಪ್ಪನ ಅಂಗಡಿ ಹುಡುಕಿದೆ, ಸಿಕ್ತು ಅಂತ. ಹಸಿರು ಇತ್ತಮ್ಮ. ನಾನೇ ನೋಡ್ದೆ. ಅವಳು ತೋರಿಸಿ ಆದ್ಮೇಲೂ ಇತ್ತು."

"ಆ ಚುಕ್ಕೆ ಅಂಗಡೀನ ನೋಡಲ್ಲ ಪುಟ್ಟಾ. ಗಡಿಯಾರ ಮಾತ್ರ ನೋಡುತ್ತೆ. ಬೆಳಿಗ್ಗೆ ಈ ಹೊತ್ತಿಗೆ ಹತ್ತಿಕೋ, ಸಂಜೆ ಈ ಹೊತ್ತಿಗೆ ಆರಿಕೋ ಅಂತ ನಾನೇ ಅದಕ್ಕೆ ಹೇಳಿಕೊಟ್ಟಿದ್ದು."

"ಒಳಗೆ ಯಾರೂ ಇಲ್ದೆ ಇದ್ರೂ ಹತ್ತಿಕೊಳ್ಳುತ್ತಾ?"

"ಯಾರೂ ಇಲ್ದೆ ಇದ್ರೂ."

ಚೂಟಿ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಮತ್ತೆ ಯಾಕೆ ಹೇಳಿಕೊಟ್ಟೆ?"

"ಮಾದರಿಗೆ ಒಂದು ಅಂಗಡಿ ಬೇಕಿತ್ತು. ನನಗೆ ಇದೇ ಬಂತು ಕೈಗೆ." ತಾಯಿ ಹಿಂದಿನ ಷಟರಿನ ಧೂಳಿಗೆ ಬೆರಳು ತಾಗಿಸಿದಳು. "ಇವತ್ತು ಅಳಿಸೋಣ ಅಂತ ಕೂತಿದ್ದೆ. ಬೇರೆಯವರ ಪುಟದಿಂದೆಲ್ಲ ತೆಗೆದೆ. ಕೊನೇದನ್ನ ತೆಗೆಯೋಕೆ ಕೈ ಬರ್ಲಿಲ್ಲ."

ಮನೆಗೆ ಹೋಗೋಣ ಬಾ, ಹಸಿವಾಗಿರುತ್ತೆ, ಎಂಬ ಮಾತು ಅವಳ ತುಟಿಯವರೆಗೆ ಬಂದಿತ್ತು. ವರ್ಷವೆಲ್ಲ ಇಂಥ ಗಳಿಗೆ ಬಂದಾಗಲೆಲ್ಲ ಆ ಮಾತು ಹೀಗೆಯೇ ಸಮಯಕ್ಕೆ ಸರಿಯಾಗಿ ಬಂದು ಅವರಿಬ್ಬರನ್ನೂ ಎಬ್ಬಿಸಿಕೊಂಡು ಹೋಗುತ್ತಿತ್ತು. ಅವಳು ಅದನ್ನು ನುಂಗಿಕೊಂಡು ಕೂತಳು. ಎದುರಿನ ಅಂಗಡಿಯವನು ಒಮ್ಮೆ ಈ ಕಡೆ ನೋಡಿ, ಆಮೇಲೆ ನೋಡದವನ ಹಾಗೆ ತನ್ನ ಸಾಮಾನುಗಳ ಧೂಳು ಕೊಡವತೊಡಗಿದ.

ಚೂಟಿ ತಿರುಗಿ ತಾಯಿಯ ಮುಖ ನೋಡಿದಳು. ನೋಡಿದವಳು ಈ ಸಲ ಕಣ್ಣು ಕೀಳಲಿಲ್ಲ.

"ಅಮ್ಮ, ನೀನು ಅಳಲ್ಲ ಅಲ್ವಾ?"

"ಅತ್ತರೂ ಅಳಬಹುದು. ಅತ್ತುಕೊಂಡೇ ಇಲ್ಲೇ ಕೂತಿರ್ತೀನಿ. ಎಲ್ಲಿಗೂ ಹೋಗಲ್ಲ."

ಹುಡುಗಿ ಅದನ್ನು ತೂಗಿ ನೋಡಿದಳು. ಚೀಲವನ್ನು ಮಡಿಲಿನಿಂದ ತೆಗೆದು ಪಕ್ಕಕ್ಕಿಟ್ಟಳು. ಇನ್ನಷ್ಟು ಹತ್ತಿರ ಸರಿದು, ಬೀದಿಯ ಸದ್ದಿನಲ್ಲಿ ಕೇಳಿಸದೆ ಹೋದೀತೆಂಬಂತೆ, ಒಂದೊಂದೇ ಪದವನ್ನು ಬಿಡಿಸಿ ಕೇಳಿದಳು.

"ಅಪ್ಪ ಸತ್ತುಹೋಗಿದಾನಾ?"